ಪಾಯಿಂಟ್ ಮೂವತ್ತೆರಡು ಸಾಕಾ? ದಾವಣಗೆರೆಯಲ್ಲಿ ಆಡಿದ ಮಾತು

ಕಳೆದ ತಿಂಗಳು ದಾವಣಗೆರೆಯಲ್ಲಿ ಅಡಿಕೆ ಬೆಳೆಗಾರರು, ವರ್ತಕರು ಸೇರಿದ್ದ ಒಂದು ಸಭೆಯಲ್ಲಿ, ರಕ್ಷಣೆಗೆ ಯಾವ ಬಂದೂಕು ಅನ್ನೋ ವಿಷಯ ಮಾತಾಡಿದ್ದೆ. ಬರೋಕೆ ಆಗದವರು ಬರೆದುಕೊಡಿ ಅಂದರು. ಅದಕ್ಕೇ ಇದು. ಆಡಿದ್ದನ್ನು ಹೆಚ್ಚುಕಮ್ಮಿ ಹಾಗೇ ಇಟ್ಟಿದ್ದೇನೆ, ಮಧ್ಯೆ ಬಂದ ಪ್ರಶ್ನೆಗಳನ್ನೂ ಸೇರಿಸಿ.

ಎಲ್ಲರಿಗೂ ನಮಸ್ಕಾರ. ನಾನು ಇಪ್ಪತ್ತಾರು ವರ್ಷ ಪೊಲೀಸ್ ಇಲಾಖೆಯಲ್ಲಿ ಆರ್ಮರರ್ ಆಗಿದ್ದೆ. ಬಂದೂಕು ಬಿಚ್ಚೋದು, ಒರೆಸಿ ಎಣ್ಣೆ ಹಚ್ಚೋದು, ರಿಪೇರಿ ಮಾಡೋದು, ಸಂಜೆ ಎಣಿಸಿ ಬೀಗ ಹಾಕೋದು, ಇಷ್ಟು ನನ್ನ ಕೆಲಸ. ನಿವೃತ್ತಿಯಾದ ಮೇಲೆ ಮದುವೆ ಮನೆಯಲ್ಲಿ ಸಿಕ್ಕವರೂ ನನ್ನನ್ನು ಕೇಳೋದು ಒಂದೇ ಪ್ರಶ್ನೆ. "ಸಾಹೇಬ್ರೇ, ಲೈಸೆನ್ಸ್ ಆಗೋ ಹಂಗಿದೆ, ಯಾವ ಬೋರ್ ತಗೊಳ್ಳಲಿ? .32 ಸಾಕಾಗುತ್ತಾ, ಇನ್ನೂ ದೊಡ್ಡದು ಬೇಕಾ?" ಬೋರ್ ಅಂದರೆ ಬಂದೂಕಿನ ನಳಿಗೆಯ ತೂತಿನ ಅಗಲ. .32 ಅಂದರೆ ಹೆಚ್ಚುಕಮ್ಮಿ ಇಂಚಿನ ನೂರರಲ್ಲಿ ಮೂವತ್ತೆರಡು ಪಾಲು.

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಅರ್ಧ ಉತ್ತರವನ್ನು ಕಾನೂನೇ ಕೊಟ್ಟುಬಿಟ್ಟಿದೆ. 1959ರ ಆಯುಧ ಕಾಯ್ದೆ, ಅದರ ಕೆಳಗೆ 2016ರ ನಿಯಮಗಳು. ಇದರಲ್ಲಿ ಆಯುಧಗಳು ಎರಡು ಜಾತಿ. ನಿಷೇಧಿತ ಬೋರ್, ನಿಷೇಧ ಇಲ್ಲದ ಬೋರ್. ಅಂಗಡಿಯವರು ಪಿಬಿ, ಎನ್‌ಪಿಬಿ ಅಂತಾರೆ. ಪಿಬಿ ಬೇಕಾದರೆ ದೆಹಲಿಯ ಗೃಹ ಸಚಿವಾಲಯದವರೆಗೆ ಹೋಗಬೇಕು. ಎನ್‌ಪಿಬಿಗೆ ನಮ್ಮ ಜಿಲ್ಲಾಧಿಕಾರಿ ಸಾಕು. ಈಗ ಕೇಳಿ, 9 ಎಂಎಂ ಪಿಸ್ತೂಲು ಪಿಬಿ. ಸರ್ಕಾರಿ .38 ಗುಂಡು ಹಾಕಬಹುದಾದ ರಿವಾಲ್ವರ್ ಪಿಬಿ. .455 ಪಿಬಿ. .45 ಪಿಸ್ತೂಲೂ ಪಿಬಿ. ಯಾಕೆ? ಅವು ಜಾಸ್ತಿ ಅಪಾಯ ಅಂತಲ್ಲ. ಸೈನ್ಯಕ್ಕೂ ಪೊಲೀಸಿಗೂ ಕೊಡೋ ಗುಂಡು ಜನರ ಬಂದೂಕಿಗೆ ಹಿಡಿಸಬಾರದು, ಅಷ್ಟೇ. ಹಿಡಿಸಿದರೆ ಆಯುಧಾಗಾರದಿಂದ ಕದ್ದ ಗುಂಡಿಗೆ ಹೊರಗೆ ಗಿರಾಕಿ ಹುಟ್ಟುತ್ತಾರೆ. ಈ ಯೋಚನೆ ಬ್ರಿಟಿಷರ ಕಾಲದಿಂದ ಬಂದದ್ದು. ಸೈನ್ಯದ ತ್ರೀ ನಾಟ್ ತ್ರೀ (.303) ರೈಫಲ್ ಜನರಿಗೆ ಕೊಡಬಾರದು ಅಂತ .315 ಮಾಡಿ ಕೊಟ್ಟದ್ದೂ ಇದೇ ಲೆಕ್ಕ. ಬಂದೂಕು ಎಣಿಸಿ ಬೀಗ ಹಾಕುತ್ತಿದ್ದವನಾಗಿ ಹೇಳ್ತೀನಿ, ಈ ಕಟ್ಟುಪಾಡು ಸರಿಯಾದದ್ದೇ.

ವಿಚಿತ್ರ ಅಂದರೆ 9 ಎಂಎಂಗಿಂತ ಜೋರಾದ .357 ಮ್ಯಾಗ್ನಂ ರಿವಾಲ್ವರ್ ನಿಷೇಧದ ಪಟ್ಟಿಯಲ್ಲಿಲ್ಲ. ಅದರ ಗುಂಡು ನಮ್ಮ ಪಡೆಗಳದ್ದಲ್ಲ, ಅದಕ್ಕೆ. ಆದರೆ ಸಾಮಾನ್ಯ ಜನ ವಿದೇಶದಿಂದ ರಿವಾಲ್ವರ್ ತರಿಸೋಕೆ ದಶಕಗಳಿಂದ ದಾರಿಯಿಲ್ಲ. ಹಳೆಯದು ಕೈಯಿಂದ ಕೈಗೆ ಬರಬೇಕು, ಬೆಲೆ ಲಕ್ಷಗಳಲ್ಲಿ. ಹಾಗಾಗಿ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕೂತು ಹೊಸದಾಗಿ ಕೈಬಂದೂಕು ತಗೊಳ್ಳೋರಿಗೆ ಹೆಚ್ಚಾಗಿ ಉಳಿಯೋದು .32, ಇಲ್ಲವೇ .22. ಕಾನ್ಪುರದಲ್ಲಿ ಮಾಡೋ .32 ರಿವಾಲ್ವರ್, .32 ಅಶನಿ ಪಿಸ್ತೂಲು, 2014ರಲ್ಲಿ ಹೆಣ್ಣುಮಕ್ಕಳಿಗೆ ಅಂತ ಬಂದ ನಿರ್ಭೀಕ್, 2023ರಲ್ಲಿ ಬಂದ ಪ್ರಬಲ್, ಎಲ್ಲಾ .32.

ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. "ಸರ್, ಹಂಗಾದ್ರೆ ಸರ್ಕಾರ ನಮಗೆ ಕೈಲಾಗದ ಗುಂಡು ಕೊಟ್ಟಿದೆ ಅಂತಾಯ್ತಲ್ಲ?"

ಒಳ್ಳೆ ಪ್ರಶ್ನೆ. ಸ್ವಲ್ಪ ಲೆಕ್ಕ ನೋಡೋಣ.

ಮೊದಲು ಅಗಲ. .32 ಗುಂಡಿನ ಅಗಲ ಎಂಟು ಮಿಲಿಮೀಟರಿಗೆ ಒಂದು ಕೂದಲೆಳೆ ಕಮ್ಮಿ. 9 ಎಂಎಂ ಗುಂಡು ಒಂಬತ್ತು. .38 ಅಂತ ಹೆಸರಿದ್ದರೂ .38 ಸ್ಪೆಷಲ್ ಗುಂಡು ಅಳೆದರೆ .357 ಇಂಚು, ಅಂದರೆ ಅದೂ ಒಂಬತ್ತೇ ಮಿಲಿಮೀಟರ್. ಹಿಂದೆ ಗುಂಡು ತೋಟಾದ (ಗುಂಡು, ಮದ್ದು ಎರಡೂ ಇರೋ ಕಾಟ್ರಿಜ್) ಹಿತ್ತಾಳೆ ಕೊಳವೆಯಷ್ಟೇ ದಪ್ಪ ಇರುತ್ತಿತ್ತು, ಆಗಿಟ್ಟ ಹೆಸರು ಉಳಿದುಕೊಂಡಿದೆ. .38 ಮತ್ತು .357 ಅಂತ ಹೆಸರು ಹಿಡಿದು ಜಗಳ ಆಡೋರು ಒಂದೇ ಅಗಲದ ಗುಂಡಿನ ಬಗ್ಗೆ ಜಗಳ ಆಡುತ್ತಿರುತ್ತಾರೆ. ನಮ್ಮ .32ಕ್ಕೂ 9 ಎಂಎಂಗೂ ಅಗಲದಲ್ಲಿ ವ್ಯತ್ಯಾಸ ಒಂದು ಮಿಲಿಮೀಟರ್, ಒಂದು ಎಳ್ಳಿನಷ್ಟು.

ವ್ಯತ್ಯಾಸ ಇರೋದು ತೂಕ ಮತ್ತು ವೇಗದಲ್ಲಿ. .32 ರಿವಾಲ್ವರ್ ಗುಂಡು ಸುಮಾರು ಆರು ಗ್ರಾಂ, ಸೆಕೆಂಡಿಗೆ ಸುಮಾರು 220 ಮೀಟರ್ ಓಡುತ್ತೆ. 9 ಎಂಎಂ ಎಂಟು ಗ್ರಾಂ, ಸುಮಾರು 350 ಮೀಟರ್. .45 ಹದಿನೈದು ಗ್ರಾಂ, ಸುಮಾರು 255 ಮೀಟರ್. ಬಲ ಅಂತ ಲೆಕ್ಕ ಹಾಕಿದರೆ 9 ಎಂಎಂ ಮತ್ತು .45 ಎರಡೂ ಸುಮಾರು ಒಂದೇ, ನಮ್ಮ .32 ಅವುಗಳ ಮೂರನೇ ಒಂದು ಭಾಗ. ಇದನ್ನು ಮುಚ್ಚಿಡೋದರಲ್ಲಿ ಅರ್ಥವಿಲ್ಲ. .32 ಬಡ ಗುಂಡು.

ಆದರೆ ಇಲ್ಲೇ ಜನ ದಾರಿ ತಪ್ಪೋದು. ದೊಡ್ಡ ಗುಂಡು ಬಿದ್ದರೆ ಮನುಷ್ಯ ಹಿಂದಕ್ಕೆ ಹಾರಿ ಬೀಳ್ತಾನೆ ಅಂದುಕೊಂಡಿದ್ದಾರೆ. ಸಿನಿಮಾದಲ್ಲಿ ಹಗ್ಗ ಕಟ್ಟಿ ಎಳೀತಾರೆ, ಅಷ್ಟೇ. ನಿಜದಲ್ಲಿ ಗುಂಡು ಅಷ್ಟು ಜೋರಾಗಿ ದೂಡೋದಾದರೆ ಹಾರಿಸಿದವನೂ ಅಷ್ಟೇ ಜೋರಾಗಿ ಹಿಂದಕ್ಕೆ ಬೀಳಬೇಕಿತ್ತು. ಯಾವ ಕೈಬಂದೂಕೂ, ಯಾವ ಬೋರೂ, ಎದುರಿಗಿರೋನನ್ನು ಅಲ್ಲೇ ಕೆಡವುತ್ತೆ ಅಂತ ಗ್ಯಾರಂಟಿ ಕೊಡೋಕಾಗಲ್ಲ. ಹೃದಯಕ್ಕೇ ತಗುಲಿದರೂ ಮೆದುಳಿನಲ್ಲಿ ಉಳಿದ ಆಮ್ಲಜನಕದಲ್ಲಿ ಮನುಷ್ಯ ಹತ್ತು ಹದಿನೈದು ಸೆಕೆಂಡ್ ಕೈಕಾಲು ಆಡಿಸಬಲ್ಲ. ಹತ್ತು ಸೆಕೆಂಡ್ ಎಷ್ಟು ಉದ್ದ ಗೊತ್ತಾ? ಸಭೆಯಲ್ಲಿ ಗಡಿಯಾರ ನೋಡಿಕೊಂಡು ಎಲ್ಲರೂ ಹತ್ತು ಸೆಕೆಂಡ್ ಸುಮ್ನೆ ಕೂತೆವು. ಕೊನೇ ಮೂರು ಸೆಕೆಂಡ್ ಯಾರೂ ಅಲುಗಾಡಲಿಲ್ಲ.

ಅಮೆರಿಕದವರು ಈ ವಿಷಯಕ್ಕೆ ತಲೆ ಕೆಡಿಸಿಕೊಂಡಷ್ಟು ಯಾರೂ ಕೆಡಿಸಿಕೊಂಡಿಲ್ಲ. 1986ರ ಏಪ್ರಿಲ್ 11ರಂದು ಮಿಯಾಮಿಯಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಎಂಟು ಜನ ಇಬ್ಬರು ದರೋಡೆಕೋರರನ್ನು ಅಡ್ಡಗಟ್ಟಿದರು. ಶುರುವಿನಲ್ಲೇ ಒಬ್ಬ ದರೋಡೆಕೋರನಿಗೆ 9 ಎಂಎಂ ಗುಂಡು ತೋಳಿನಿಂದ ಹೊಕ್ಕು ಎದೆಯೊಳಗೆ ಹೋಯಿತು, ಆದರೆ ಹೃದಯಕ್ಕೆ ಮುಟ್ಟೋದಕ್ಕೆ ಸ್ವಲ್ಪ ಮೊದಲೇ ನಿಂತುಹೋಯಿತು. ಅವನು ಹೊಡೆದಾಡುತ್ತಲೇ ಇದ್ದ. ಎಫ್‌ಬಿಐನ ಇಬ್ಬರು ಸತ್ತರು, ಐದು ಜನಕ್ಕೆ ಗಾಯ. ಆಮೇಲೆ ಅವರು ಗುಂಡನ್ನೇ ಬದಲಿಸಿದರು. 10 ಎಂಎಂ ತಂದರು. ಅದರ ಒದೆತ, ಅಂದರೆ ಹಾರಿಸಿದಾಗ ಬಂದೂಕು ಹಿಂದಕ್ಕೆ ಕೊಡೋ ಪೆಟ್ಟು, ಬಹಳ ಜನಕ್ಕೆ ತಡೆಯೋಕಾಗಲಿಲ್ಲ. 1990ರಲ್ಲಿ ಬಂದ .40 ಹಿಡಿದರು. ಮನುಷ್ಯನ ಮಾಂಸದಂತೆ ಮೆತ್ತಗಿರೋ ಜೆಲಟಿನ್ ದಿಮ್ಮಿಗೆ ಹೊಡೆದು, ಗುಂಡು 12ರಿಂದ 18 ಇಂಚು ಒಳಗೆ ಹೋಗಲೇಬೇಕು ಅಂತ ಅಳತೆ ಇಟ್ಟರು. ಕಾಲು ಶತಮಾನ ಕಳೆದ ಮೇಲೆ ತಿರುಗಿ 9 ಎಂಎಂಗೇ ಬಂದರು. ಅಷ್ಟರಲ್ಲಿ ಗುಂಡಿನ ತಯಾರಿಕೆ ಸುಧಾರಿಸಿತ್ತು, ಜೊತೆಗೆ ಒದೆತ ಕಮ್ಮಿ ಇದ್ದರೆ ಅವರ ಜನ ಗುರಿಗೆ ಹೆಚ್ಚು ಸಲ, ಬೇಗ ಹೊಡೀತಾರೆ ಅಂತ ಗೊತ್ತಾಯಿತು. ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸೋದು ಈ ಕೊನೇ ಭಾಗ. ವರ್ಷವಿಡೀ ಗುಂಡು ಹಾರಿಸೋ ಕಸುಬಿನವರೇ ಕೊನೆಗೆ ಕೈ ಹಿಡಿಯೋ ಗುಂಡಿಗೆ ಬಂದು ನಿಂತರು. ನಾವು ವರ್ಷಕ್ಕೆ ಹತ್ತು ಗುಂಡೂ ಹಾರಿಸದವರು, ಅಲ್ವಾ?

ಹಾಗಾಗಿ ನಾನು ಬೋರ್ ಬಿಟ್ಟು ಬೆರಳಿನ ವಿಷಯಕ್ಕೆ ಬರ್ತೀನಿ.

ಸಭೆಗೆ ನಾನು ಬಂದೂಕು ತಂದಿರಲಿಲ್ಲ, ತರಲೂಬಾರದು. ಐದು ಲೀಟರಿನ ಒಂದು ಶೇಂಗಾ ಎಣ್ಣೆ ಕ್ಯಾನು ತಂದಿದ್ದೆ, ನೀರು ತುಂಬಿಸಿ. ಹರಿಹರದಿಂದ ಬಂದಿದ್ದ ಒಬ್ಬ ಟೀಚರ್ ಮುಂದಿನ ಸಾಲಿನಲ್ಲಿ ಕೂತಿದ್ದರು, ತೋಟದ ಮನೆಯಲ್ಲಿ ವಯಸ್ಸಾದ ಅತ್ತೆ ಜೊತೆ ಇಬ್ಬರೇ ಇರೋದಂತೆ. "ಬನ್ನಿ ಅಕ್ಕ, ಈ ಹಿಡಿಯೊಳಗೆ ತೋರುಬೆರಳು ಮಾತ್ರ ಹಾಕಿ ಎತ್ತಿ" ಅಂದೆ. ಎತ್ತಿದರು. ಎರಡನೇ ಸಲವೂ ಎತ್ತಿದರು. ಮೂರನೇ ಸಲಕ್ಕೆ ಮೊಣಕೈ ಅಲುಗಿತು, ನಾಲ್ಕಕ್ಕೆ ಕ್ಯಾನು ಒಂದು ಕಡೆ ವಾಲಿ ನೀರು ಕುಲುಕಿತು, ಬೆರಳಿನ ಗೆಣ್ಣಿನ ಮೇಲೆ ಕೆಂಪಗೆ ಗೆರೆ ಮೂಡಿತ್ತು. ರಿವಾಲ್ವರಿನ ಹ್ಯಾಮರ್ (ತೋಟಾಗೆ ಬಡಿಯೋ ಹಿಂದಿನ ಕುದುರೆ) ಎಳೆಯದೆ ನೇರವಾಗಿ ಟ್ರಿಗರ್ ಒತ್ತಿದರೆ ಬೆರಳಿಗೆ ಬೀಳೋದು ಹೆಚ್ಚುಕಮ್ಮಿ ಇದೇ ಐದು ಕಿಲೋ. ಒಂದೊಂದು ಗುಂಡಿಗೂ. ಬಂದೂಕಿನ ತೂಕ ಮಾತ್ರ ಮುಕ್ಕಾಲು ಕಿಲೋ ಆಸುಪಾಸು. ಮುಕ್ಕಾಲು ಕಿಲೋ ವಸ್ತುವನ್ನು ಅಲುಗಾಡಿಸದೆ ಹಿಡಿದು, ಅದರ ಮೇಲೆ ಐದು ಕಿಲೋ ಎಳೀಬೇಕು, ಅದೂ ಕತ್ತಲಲ್ಲಿ, ಎದೆ ಡವಗುಟ್ಟುತ್ತಿರುವಾಗ. ಗುಂಡು ಎಲ್ಲಿಗೆ ಹೋಗುತ್ತೆ ಅನ್ನೋದನ್ನು ತೀರ್ಮಾನ ಮಾಡೋದು ಆ ಬೆರಳು.

ಅಕ್ಕ ಕೇಳಿದರು, "ಹಗುರ ಇರೋದು ತಗೊಂಡ್ರೆ ಒಳ್ಳೇದಲ್ವಾ? ನಿರ್ಭೀಕ್ ಅರ್ಧ ಕಿಲೋ ಅಂತಲ್ಲ?" ಹೌದು, ಅರ್ಧ ಕಿಲೋ ಆಸುಪಾಸು, ಟೈಟಾನಿಯಂ ಮಿಶ್ರಲೋಹ, ಬಂದಾಗ ಬೆಲೆ ಸುಮಾರು 1.22 ಲಕ್ಷ. ಕೈಚೀಲದಲ್ಲಿ ಇಟ್ಟುಕೊಳ್ಳೋಕೆ ಹಗುರ. ಆದರೆ ಗುಂಡು ಅದೇ .32. ಒದೆತ ನುಂಗೋದು ಬಂದೂಕಿನ ತೂಕ. ತೂಕ ಕಮ್ಮಿ ಮಾಡಿದಷ್ಟೂ ಅದು ಕೈಗೆ ಬರುತ್ತೆ. .32ರಲ್ಲಿ ಒದೆತವೇ ಕಮ್ಮಿ ಇರೋದರಿಂದ ತಡೆಯಬಹುದು, ಇಲ್ಲ ಅನ್ನಲ್ಲ. ಅದೇ ತೂಕದಲ್ಲಿ .357 ಇದ್ದಿದ್ದರೆ ಎರಡನೇ ಗುಂಡು ಚಾವಣಿಗೆ ಹೋಗುತ್ತಿತ್ತು. ಬಡ ಗುಂಡಿಗೆ ಇರೋ ದೊಡ್ಡ ಗುಣ ಇದೇ, ಎರಡನೆಯದೂ ಮೂರನೆಯದೂ ಗುರಿ ಬಿಟ್ಟು ದೂರ ಹೋಗಲ್ಲ. ಅದಕ್ಕೇ .32 ಸಾಕಾ ಅಂದರೆ, ಅಭ್ಯಾಸ ಇದ್ದವರಿಗೆ ಸಾಕು ಅಂತೀನಿ. ಅಭ್ಯಾಸ ಇಲ್ಲದವರಿಗೆ .45 ಕೊಟ್ಟರೂ ಸಾಲಲ್ಲ. .22 ಬಗ್ಗೆ ನಾಲ್ಕೈದು ಜನ ಕೇಳಿದರು. ಕಲಿಯೋಕೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ, ಆದರೆ ಅದರ ತೋಟಾ ಹಾರದೆ ಹುಸಿಹೋಗೋದು ಜಾಸ್ತಿ, ರಕ್ಷಣೆಗೆ ನಾನು ಹೇಳಲ್ಲ.

ಅಭ್ಯಾಸ ಎಲ್ಲಿ ಮಾಡೋದು ಅಂತ ಕೇಳ್ತೀರಿ. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡ್ತಾರೆ, ಹೋಗಿ. ಲೈಸೆನ್ಸಿಗೆ ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್ ಬೇಕು ಅಂತ 2016ರ ನಿಯಮದಲ್ಲೇ ಇದೆ. ಅದನ್ನು ಕಾಗದದ ಕೆಲಸ ಅಂದುಕೊಂಡು ಮುಗಿಸಿಬಿಡಬೇಡಿ.

ಈಗ ರಿವಾಲ್ವರಾ ಪಿಸ್ತೂಲಾ ಅನ್ನೋದಕ್ಕೆ ಬರೋಣ. ರಿವಾಲ್ವರಿನಲ್ಲಿ ತೋಟಾ ಇರೋದು ತಿರುಗೋ ಉರುಳೆಯಲ್ಲಿ, ಪಿಸ್ತೂಲಿನಲ್ಲಿ ಹಿಡಿಯೊಳಗೆ ಹಾಕೋ ಮ್ಯಾಗಜಿನ್‌ನಲ್ಲಿ. ಇಲ್ಲಿ ಒಂದು ವಿಷಯ ನಿಧಾನವಾಗಿ ಹೇಳಬೇಕು, ಯಾಕಂದರೆ ಇದರಲ್ಲಿ ಜನ ನಿಜವಾಗಿ ಎಡವಿದ್ದನ್ನು ನೋಡಿದ್ದೇನೆ. .32 ಅಂದರೆ ಒಂದೇ ತೋಟಾ ಅಲ್ಲ. ರಿವಾಲ್ವರಿನದು .32 ಸ್ಮಿತ್ ಅಂಡ್ ವೆಸನ್ ಲಾಂಗ್. ಪಿಸ್ತೂಲಿನದು .32 ಎಸಿಪಿ (ಆಟೋಮ್ಯಾಟಿಕ್ ಕೋಲ್ಟ್ ಪಿಸ್ತೂಲ್), ಬ್ರೌನಿಂಗ್ ಅನ್ನೋ ಅಮೆರಿಕದವನು 1899ರಲ್ಲಿ ಮಾಡಿದ್ದು. ಲಾಂಗಿನ ಹಿತ್ತಾಳೆ ಕೊಳವೆ 23 ಮಿಲಿಮೀಟರ್, ಹಿಂದೆ ಅಂಚು ಅಗಲ. ಎಸಿಪಿ 17 ಮಿಲಿಮೀಟರ್, ಅಂಚು ಬಹಳ ಕಿರಿದು. ಪಕ್ಕಪಕ್ಕ ನಿಲ್ಲಿಸಿದರೆ ಅಣ್ಣ ತಮ್ಮ ಇದ್ದಂಗೆ. ತೊಂದರೆ ಏನಂದರೆ, ಗಿಡ್ಡದು ರಿವಾಲ್ವರಿನ ತೂತಿಗೆ ಇಳಿಯುತ್ತೆ. ಇಳಿಯಿತು ಅಂತ ಸರಿ ಅಲ್ಲ. ಅದರ ಒಳಗಿನ ಒತ್ತಡ ಲಾಂಗಿಗಿಂತ ಜಾಸ್ತಿ, ಅಂಚು ಸರಿಯಾಗಿ ಕೂರಲ್ಲ. ಹಳೇ ಬಂದೂಕಿಗೆ ಅದು ಒಳ್ಳೇದಲ್ಲ. ಅಂಗಡಿಯಲ್ಲಿ ".32 ಕೊಡಿ" ಅಂತ ಮಾತ್ರ ಕೇಳಬೇಡಿ, ಪೂರ್ತಿ ಹೆಸರು ಹೇಳಿ.

ನನ್ನ ಮಟ್ಟಿಗೆ, ಮನೆಯಲ್ಲಿಟ್ಟು ಅಪರೂಪಕ್ಕೆ ಮುಟ್ಟೋರಿಗೆ ರಿವಾಲ್ವರ್ ವಾಸಿ. ಒಂದು ಗುಂಡು ಹುಸಿಹೋದರೆ ಮತ್ತೆ ಟ್ರಿಗರ್ ಒತ್ತಿದರೆ ಸಾಕು, ಮುಂದಿನದು ತಿರುಗಿ ಬರುತ್ತೆ. ಪಿಸ್ತೂಲಿನಲ್ಲಿ ಸ್ಲೈಡ್, ಅಂದರೆ ಮೇಲಿನ ಜಾರೋ ಭಾಗ, ಹಿಂದಕ್ಕೆ ಎಳೆದು ಹುಸಿ ತೋಟಾ ಹೊರಗೆ ಹಾಕಬೇಕು. ಅದನ್ನು ಕೈಗೆ ರೂಢಿ ಮಾಡಿಕೊಂಡವರು ಕಮ್ಮಿ. ಮ್ಯಾಗಜಿನ್ ತೆಗೆದರೆ ಖಾಲಿ ಆಯ್ತು ಅಂದುಕೊಂಡು ನಳಿಗೆಯಲ್ಲಿ ಉಳಿದ ಒಂದು ಗುಂಡನ್ನು ಮರೆತವರ ಕಥೆ ಎಲ್ಲ ಊರಲ್ಲೂ ಇದೆ.

ಹುಸಿಹೋಗೋದು ಅಂದೆ. ಒಮ್ಮೆ ಭೀಮಸಮುದ್ರದ ಕಡೆಯ ಒಬ್ಬ ಅಡಿಕೆ ವರ್ತಕರು ತಮ್ಮ ರಿವಾಲ್ವರ್ ತೋರಿಸೋಕೆ ಬಂದಿದ್ದರು. ಆರು ಗುಂಡೂ ತುಂಬಿದ ಹಾಗೇ ಚರ್ಮದ ಚೀಲದಲ್ಲಿತ್ತು. ಎಷ್ಟು ವರ್ಷದಿಂದ ಅಂದೆ. ಹನ್ನೊಂದು ಅಂದರು. ನಳಿಗೆ ಮಡಿಸಿದರೆ ತೋಟಾ ಹೊರಗೆ ಬರಲಿಲ್ಲ. ಮರದ ಕಡ್ಡಿಯಲ್ಲಿ ಒಂದೊಂದಾಗಿ ಮೆಲ್ಲಗೆ ನೂಕಿ ತೆಗೆದೆ. ಹಿತ್ತಾಳೆ ಮೇಲೆ ಹಸಿರು ಕಿಲುಬು, ಹುಣಸೆಹಣ್ಣು ಕಾಣದ ಹಳೇ ತಂಬಿಗೆ ತಳದ ಹಾಗೆ. ತಳದ ಕೆ ಎಫ್ ಅಕ್ಷರ, ಅಂದರೆ ಪುಣೆ ಹತ್ತಿರದ ಖಡ್ಕಿ ಕಾರ್ಖಾನೆ ಗುರುತು, ಉಗುರಿನಿಂದ ಕೆರೆದರೆ ಮಾತ್ರ ಕಾಣುತ್ತಿತ್ತು. ಚರ್ಮ ಹದ ಮಾಡೋ ಒಗರು ಹಿತ್ತಾಳೆಯನ್ನು ತಿನ್ನುತ್ತೆ. ಅದಕ್ಕೇ ಚರ್ಮದ ಚೀಲದಲ್ಲಿ ಬಂದೂಕಾಗಲಿ ತೋಟಾ ಆಗಲಿ ವರ್ಷಗಟ್ಟಲೆ ಇಡಬಾರದು. ಆ ಯಜಮಾನರು ಹನ್ನೊಂದು ವರ್ಷ ಸಂತೆ ದುಡ್ಡು ತರುವಾಗ ಆ ಆರನ್ನು ನಂಬಿಕೊಂಡು ಓಡಾಡಿದ್ದರು. ಬೋರ್ ಯಾವುದಾದರೇನು, ಆ ಗುಂಡಿಗೆ ಬೋರೇ ಇರಲಿಲ್ಲ.

ತೋಟದ ಮನೆಯವರು ಕೈಬಂದೂಕು ಕೇಳೋದೇ ತಪ್ಪು ಅಂತ ನನ್ನ ಅಭಿಪ್ರಾಯ. 12 ಬೋರ್ ಜೋಡಿ ನಳಿಗೆ ಬಂದೂಕು ತಗೊಳ್ಳಿ. ಭುಜಕ್ಕೆ ಒತ್ತಿ ಹಿಡಿಯೋದರಿಂದ ಗುರಿ ಸುಲಭ, ಬಲ .32ರ ಹತ್ತು ಪಟ್ಟಿಗಿಂತ ಜಾಸ್ತಿ, ಲೈಸೆನ್ಸ್ ಕೊಡೋರೂ ಅದಕ್ಕೆ ಬೇಗ ಒಪ್ಪಬಹುದು. ಬೆಳೆ ಕಾಯೋಕೆ ಅಂತ ನಳಿಗೆಯ ಬಾಯಿಯಿಂದ ಮದ್ದು ತುಂಬೋ ನಾಡಬಂದೂಕಿಗೂ ಕಾಯ್ದೆಯಲ್ಲೇ ಬೇರೆ ಅವಕಾಶ ಇದೆ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕಡೆಯವರೊಬ್ಬರು ಕರಡಿಗೆ .32 ಆಗುತ್ತಾ ಅಂದರು. ಆಗಲ್ಲ ಯಜಮಾನ್ರೇ. ಕೆರಳಿಸುತ್ತೆ ಅಷ್ಟೇ, ಮೇಲಾಗಿ ಅದು 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರೋ ಪ್ರಾಣಿ. ಟಾರ್ಚು, ಪಟಾಕಿ, ಜೋರಾಗಿ ಮಾತಾಡಿಕೊಂಡು ಓಡಾಡೋದು, ಇವೇ ಕೆಲಸಕ್ಕೆ ಬರೋದು.

ಚನ್ನಗಿರಿಯ ಒಬ್ಬ ಬೆಳೆಗಾರರು ಬಿಚ್ಚಿ ಕೇಳಿದರು. "ರಾತ್ರಿ ಬಂದು ಗೊನೆ ಇಳಿಸ್ಕೊಂಡು ಹೋಗ್ತಾರಲ್ಲ, ಹೊಡೀಬಹುದಾ?" ಅವರ ಹೊಟ್ಟೆಯುರಿ ನನಗೆ ಅರ್ಥ ಆಗುತ್ತೆ. ವರ್ಷದ ಬೆಳೆ ಒಂದು ರಾತ್ರಿಗೆ ಹೋಗುತ್ತೆ. ಆದರೂ ಉತ್ತರ, ಇಲ್ಲ. ಹಳೇ ಐಪಿಸಿಯ 96ರಿಂದ 106ರವರೆಗೆ ಇದ್ದ ಆತ್ಮರಕ್ಷಣೆಯ ಹಕ್ಕು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ಕ್ಕೆ ಬಂದಿದೆ. ಹಕ್ಕು ಅದೇ, ಮಿತಿಯೂ ಅದೇ. ಜೀವಕ್ಕೆ ಕುತ್ತು ಬಂದರೆ, ಅತ್ಯಾಚಾರಕ್ಕೆ, ಅಪಹರಣಕ್ಕೆ ಬಂದರೆ, ದರೋಡೆ ಆದರೆ, ರಾತ್ರಿ ಮನೆ ಒಡೆದು ನುಗ್ಗಿದರೆ, ಎದುರಿನವನ ಸಾವಾಗುವಷ್ಟರವರೆಗೂ ಹಕ್ಕು ಹೋಗಬಹುದು. ಬರೀ ಕಳ್ಳತನ, ನಿಮ್ಮ ಜೀವಕ್ಕೆ ಭಯವಿಲ್ಲ ಅಂದರೆ, ಅಲ್ಲಿವರೆಗೆ ಹೋಗಲ್ಲ. ಮರದ ಮೇಲಿರೋನಿಗೆ ಹೊಡೆದರೆ, ಓಡಿಹೋಗುವವನ ಬೆನ್ನಿಗೆ ಹೊಡೆದರೆ, ಕೊಲೆ ಕೇಸಿನಲ್ಲಿ ಕಟಕಟೆಯಲ್ಲಿ ನಿಲ್ಲೋರು ನೀವು. ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡಬಾರದು ಅನ್ನೋದು ಎಲ್ಲ ಬೋರಿಗೂ ಒಂದೇ ನಿಯಮ. ಇದನ್ನು ಎರಡು ಸಲ ಹೇಳಿದೆ, ಇಲ್ಲೂ ಬರೀತಿದ್ದೀನಿ, ಯಾಕಂದರೆ ನಮ್ಮ ಕಡೆ ಬಂದೂಕು ಕೇಳೋ ಅರ್ಧ ಜನರ ಮನಸ್ಸಿನಲ್ಲಿ ಇರೋದು ಗೊನೆಕಳ್ಳ.

ಗೋಡೆ ಬಗ್ಗೆ ಒಂದು ಮಾತು. ಹಳೇ ದಾವಣಗೆರೆಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ತಗಡಿನ ಬಾಗಿಲು, ಸಿಮೆಂಟ್ ಶೀಟು, ತೆಳು ಹಲಗೆ, ಇವನ್ನು ಬಡ .32 ಕೂಡ ದಾಟುತ್ತೆ. ಸೀಸದ ಆ ಗುಂಡು ನಿಧಾನ ಇದ್ದರೂ, ಬಿದ್ದಾಗ ಅರಳಿ ಅಗಲ ಆಗದೆ ಒಳಗೆ ಹೋಗ್ತಾನೇ ಇರುತ್ತೆ. ಬಾಗಿಲ ಆಚೆ ಯಾರಿದ್ದಾರೆ ಅಂತ ಕಾಣದೆ ಹೊಡೆದರೆ ಅದು ಪಕ್ಕದ ಮನೆ ತೊಟ್ಟಿಲಿಗೂ ಹೋಗಬಹುದು. ಅದಕ್ಕೆ ನಾನು ಎಲ್ಲರಿಗೂ ಬಂದೂಕಿಗಿಂತ ಮೊದಲು ಒಂದು ಕೋಣೆ ನೋಡಿಕೊಳ್ಳಿ ಅಂತೀನಿ. ಚಿತ್ರದುರ್ಗದ ಕೋಟೆಗೆ ಹೋದಾಗ ಓಬವ್ವನ ಕಿಂಡಿ ಹತ್ತಿರ ಒಂದು ನಿಮಿಷ ನಿಂತು ನೋಡಿ. ಒನಕೆ ದೊಡ್ಡದು ಅಂತ ಎಲ್ಲರೂ ಹೇಳ್ತಾರೆ. ಆದರೆ ಹೈದರಾಲಿಯ ಸೈನ್ಯ ಅಷ್ಟಿದ್ದರೂ ಆ ಸಂದಿಯಲ್ಲಿ ಒಂದು ಸಲಕ್ಕೆ ಒಬ್ಬನೇ, ಅದೂ ಬಗ್ಗಿಕೊಂಡು ಬರಬೇಕು. ನಿಮ್ಮ ಮನೆಯಲ್ಲೂ ಒಂದೇ ಬಾಗಿಲಿರೋ ಒಂದು ಒಳಕೋಣೆ, ಒಳಗಿನಿಂದ ಗಟ್ಟಿ ಚಿಲಕ, ಚಾರ್ಜ್ ಇರೋ ಫೋನು, 112. ಮನೆಯವರೆಲ್ಲ ಆ ಕೋಣೆಗೆ ಸೇರಿಕೊಂಡರೆ ಬಾಗಿಲಾಚೆ ಇರೋನು ನಮ್ಮವನಲ್ಲ ಅಂತ ಗೊತ್ತಾಗುತ್ತೆ. ಬಹಳ ಸಲ ಅಷ್ಟಕ್ಕೇ ವಿಷಯ ಮುಗಿಯುತ್ತೆ, ಬಂದೂಕು ಬೀಗದ ಪೆಟ್ಟಿಗೆಯಿಂದ ಹೊರಗೇ ಬರಬೇಕಾಗಲ್ಲ. ಬೀಗದ ಪೆಟ್ಟಿಗೆ ಅಂದೆ, ದಿಂಬಿನ ಕೆಳಗೆ ಅನ್ನಲಿಲ್ಲ. ಮಕ್ಕಳಿರೋ ಮನೆಯಲ್ಲಿ ಬೀಗದ ಕೈ ಎಲ್ಲಿದೆ ಅನ್ನೋದು ಮಕ್ಕಳಿಗೇ ಮೊದಲು ಗೊತ್ತಿರುತ್ತೆ, ಅದನ್ನೂ ಯೋಚನೆ ಮಾಡಿ.

ಸಭೆ ಮುಗಿದು ಮಂಡಕ್ಕಿ ಮೆಣಸಿನಕಾಯಿ ಕೊಡುತ್ತಿದ್ದಾಗ ಮೂವತ್ತರ ಆಸುಪಾಸಿನ ಒಬ್ಬರು ಪಕ್ಕಕ್ಕೆ ಕರೆದರು. ತಂದೆ ತೀರಿಕೊಂಡು ಏಳು ತಿಂಗಳು. ರಿವಾಲ್ವರ್ ಬೀರುವಿನಲ್ಲೇ ಇದೆ, ಲೈಸೆನ್ಸ್ ತಂದೆ ಹೆಸರಿನಲ್ಲಿ. "ಅದನ್ನೇ ಇಟ್ಕೊಳ್ಳಲಾ, ಹೊಸ ಬೋರ್ ತಗೊಳ್ಳಲಾ ಅಂಕಲ್?" ಲೈಸೆನ್ಸ್ ತಂದೆಯ ಜೊತೆಗೇ ಮುಗಿಯಿತು, ಈಗ ಅದು ಮನೆಯಲ್ಲಿರೋದೇ ಅಪರಾಧ, ಮೊದಲು ಸ್ಟೇಷನ್ನಿಗೋ ಲೈಸೆನ್ಸ್ ಇರೋ ಬಂದೂಕಿನ ಅಂಗಡಿಗೋ ಒಪ್ಪಿಸಿ ರಸೀದಿ ತಗೊಳ್ಳಿ, ಆಮೇಲೆ ವಾರಸುದಾರ ಅಂತ ಅರ್ಜಿ ಹಾಕಿ ಅಂದೆ. ಅವರ ಮುಖ ಸಣ್ಣಗಾಯಿತು. ಗುಂಡು ಎಷ್ಟಿವೆ ಅಂದೆ. ಫೋನಿನಲ್ಲಿ ಫೋಟೋ ತೋರಿಸಿದರು. ಹಳದಿ ಬಿದ್ದ ಒಂದು ರಟ್ಟಿನ ಪೆಟ್ಟಿಗೆ, ಮೇಲೆ ಅವರ ತಂದೆಯ ಕೈಬರಹದಲ್ಲಿ ತಾರೀಖು. ನಾನು ಫೋಟೋ ದೊಡ್ಡದು ಮಾಡಿ ಪೆಟ್ಟಿಗೆಯ ಅಂಚು ಓದಿದೆ. .32 ಎಸಿಪಿ. ಪಿಸ್ತೂಲಿನ ಗುಂಡು. ಅದರಲ್ಲಿ ಆರು ಕಮ್ಮಿ ಇದ್ದವು, ರಿವಾಲ್ವರಿನೊಳಗೆ ಇರೋ ಆರು.

ಮುಟ್ಟಬೇಡಿ, ನಾನೂ ಬರ್ತೀನಿ, ಸ್ಟೇಷನ್ನಿಗೆ ಫೋನ್ ಮಾಡಿ ಅವರ ಎದುರಿಗೇ ತೆಗೆಯೋಣ ಅಂದೆ. ಮಂಡಕ್ಕಿ ತಟ್ಟೆ ಅಲ್ಲೇ ಇಟ್ಟು ಇಬ್ಬರೂ ಅವರ ಬೈಕಿನಲ್ಲಿ ಹೊರಟೆವು.